ಏಳನೇ ದಿನ, ಒಂದು ನಿಮಿಷ

ಎಳ್ಳಮಾಸಿ ಆಗಿ ನಾಕು ದಿನ. ಶಹಾಬಾದಿನ ಚಳಿ
ಪರಸಿ ಕಲ್ಲಿನೊಳಗಿಂದ ಏಳ್ತದ,
ನೆಲದಿಂದ, ಗೋಡಿಯಿಂದ, ಮಾಳಗಿ ಹಾಸುಗಲ್ಲಿನಿಂದ.
ಚಪ್ಪಲಿ ಬಿಟ್ಟು ಒಳಗ ಕಾಲಿಟ್ರ
ಅಂಗಾಲೇ ಮೊದಲು ಕೇಳ್ತದ:
ಈ ಮನ್ಯಾಗ ಏಳು ದಿನದ ಕೂಸು ಎಲ್ಲಿ ಮಲಗ್ಯದ?

ಭಾಗಮ್ಮನ ಎದಿ ಮ್ಯಾಲ. ಸೀರಿ ಒಳಗ, ತೊಗಲಿಗೆ ತೊಗಲು,
ಮೂರನೇ ದಿನ ನಾ ತೋರಿಸಿಕೊಟ್ಟಂಗ.
ತಲಿಗೆ ಟೊಪ್ಪಿಗಿ,
ಅಪ್ಪನ ಉಣ್ಣಿ ಕಾಲುಚೀಲ ಕತ್ತರಿಸಿದ್ದು.
ನನಗ ನಗಿ ಬಂತು. ಮರೆಪ್ಪ ನಾಚಿದ.

ತಕ್ಕಡಿ ತೆಗದೆ. ಲಚಮವ್ವ ಎದ್ದು ಬಾಗಲಾ ಹಾಕಿದ್ಳು.
ತೂಕ ಮಾಡೂದು ತೊಗರಿಗೆ, ಮನಿಷಾರಿಗಲ್ಲ;
ಮಾಡಿದ್ರೂ ಬಾಯಿಬಿಟ್ಟು ಹೇಳಬ್ಯಾಡ,
ಗೋಡಿಗೂ ದೃಷ್ಟಿ ಇರ್ತದ.
ಅದಕ್ಕ ಕಿವ್ಯಾಗ ಹೇಳಿದೆ:
ಎರಡು ಕಿಲೋಕ್ಕ ಐವತ್ತು ಗ್ರಾಂ ಕಮ್ಮಿ.
ಮುದುಕಿ ನನ್ನ ಕಿವ್ಯಾಗ ಕೇಳಿದ್ಳು: ಇಳದದಲ್ಲ?
ಮೊದಲ ವಾರ ಇಳೀತದ ಆಯಿ, ಆಮ್ಯಾಲ ಏರ್ತದ,
ಎದಿಹಾಲು ಒಂದೇ ಕೊಟ್ರ.
ಗೂಡಿನ್ಯಾಗ ಜೇನಿನ ಬಾಟ್ಲಿ ಇತ್ತು, ಬಾಯಿ ಇನ್ನೂ ಹಸಿ.
ನಾ ನೋಡಿದ್ದು ಆಕಿ ನೋಡಿದ್ಳು.

ಹೊಕ್ಕಳ ಒಣಗ್ಯದ, ಬೂದಿ ಹಚ್ಚಿಲ್ಲ, ಛಲೋ.
ಕಂಕುಳಾಗ ಥರ್ಮಾಮೀಟರು ಚಿಂವ್ ಅಂದ್ರ
ಕೂಸು ಹುಬ್ಬು ಗಂಟು ಹಾಕಿತು,
ಸಾಲ ಕೇಳಲಿಕ್ಕ ಬಂದವರನ್ನ ನೋಡಿದಂಗ.

ಇನ್ನ ಉಸುರು. ಪೂರ್ತಿ ಒಂದು ನಿಮಿಷ,
ಒಂದು ಕಣ್ಣು ಗಡಿಯಾರದ ಮ್ಯಾಲ, ಒಂದು ಹೊಟ್ಟಿ ಮ್ಯಾಲ.
ಹಿಂದಿನ ಗೋಡಿ ಆಚಿಗೆ ಚಾಂದಪಾಶಾನ ಪಾಲಿಷ್ ಮಷೀನು.
ಗೋಡಿ ನಡಗ್ತದ, ಹೊರಸು ನಡಗ್ತದ,
ಎದ್ದಿದ್ದು ಹೊಟ್ಟಿಯೋ ಮಷೀನಿನ ಅಲುಗೋ
ಗೊತ್ತಾಗಂಗಿಲ್ಲ.
ಅರವತ್ಮೂರು.
ಅರವತ್ತು ದಾಟಿದ್ರ ಇನ್ನೊಮ್ಮೆ ಎಣಸಬೇಕು.

ಒಂದು ಸಲ, ಬ್ಯಾರೆ ಓಣ್ಯಾಗ, ಹಿಂಗೇ ಮಷೀನಿತ್ತು.
ಅಂದಾಜಿಲೆ ಬರದೆ, ಐವತ್ತು ಅಂತ.
ಆ ಮನಿ ಮುಂದ ಈಗೂ
ಛತ್ರಿ ಅಡ್ಡ ಹಿಡಕೊಂಡು ಹೋಗ್ತೀನಿ, ಬಿಸಿಲಿಲ್ಲದಾಗೂ.

ಮರೆಪ್ಪಾ, ಓಡು. ಒಂದೇ ನಿಮಿಷ ಬಂದ್ ಮಾಡು ಅನ್ನು.

ನಿಂತಿತು.
ಇದು ಯಾಕ ನಿಂತಿತಂತ ಬಾಜೂದ್ದೂ ನಿಂತಿತು.
ಏನಾತಲೇ?
ಕೂಸಿನ ಉಸುರು ಎಣಸ್ಲಿಕತ್ತಾರಂತ.
ಕಲ್ಲಿನ ಮ್ಯಾಲಿಂದ ಕೆಸರನೀರು ಇಳಿಯೂ ಸಪ್ಪಳ.
ಯಾರ ಮನ್ಯಾಗೋ ರೊಟ್ಟಿ ಬಡೀತಿದ್ರು,
ಅದೂ ನಿಂತಿತು.
ನನ್ನ ಉಸುರು ನಾ ಹಿಡದಿದ್ದೆ, ಅದೊಂದು ತಪ್ಪು,
ಮೂವತ್ತಕ್ಕ ಬರೂದ್ರೊಳಗ ಕಣ್ಣು ಕತ್ತಲಿ ಬಂತು.

ಐವತ್ನಾಕು.

ಬರೀಬೇಕಂದ್ರ ನನ್ನ ಪೆನ್ನು ಮೂಡವಲ್ಲದು,
ಬಾಯ್ತುಂಬ ಕಲ್ಲಿನ ಧೂಳು.
ಲಚಮವ್ವ ಹಾಸಿಗಿ ಕೆಳಗ ಕೈ ಹಾಕಿ
ಒಂದು ಬಿಳಿ ಹಾಳಿ, ಅದರೊಳಗ ಸುತ್ತಿದ ಪೆನ್ನು ತೆಗದ್ಳು.
ಐದನೇ ರಾತ್ರಿ ಶೆಟವಿಗೆ ಇಟ್ಟಿದ್ದು.
ಆಕೀದು ಬರದು ಮುಗದದ, ತಗೋ.

ಬರದೆ. ಅರಿಶಿಣ ಹತ್ತಿದ ಪೆನ್ನು,
ನೀಲಿ ಮಸಿ.
ಆಕಿ ಬರದಿದ್ದು ಯಾರಿಗೂ ಓದ್ಲಿಕ್ಕ ಬರಂಗಿಲ್ಲ,
ನೀ ಬರದಿದ್ದು ಓದು, ಅಂದ್ಳು.
ಓದಿದೆ: ಮೈ ಬೆಚ್ಚಗ ಅದ. ಹಾಲು ಕುಡೀತದ.
ಆರು ಸಲ ಉಚ್ಚಿ. ಉಸುರು ಐವತ್ನಾಕು.
ಅಷ್ಟೇನಾ?
ಇವತ್ತಿಗಿಷ್ಟೇ ಆಯಿ. ಹದಿನಾಕಕ್ಕ ಮತ್ತ ಬರ್ತೀನಿ.

ಪೆನ್ನು ವಾಪಸ್ ಇಸಗೊಂಡ್ಳು, ಹದಿನಾಕಕ್ಕ ಬೇಕಾಗ್ತದಂತ.
ಹೊಸ್ತಲ್ದಾಗ ನಾ ಕೆಮ್ಮಿದೆ.
ಜೇನಿನ ಬಾಟ್ಲಿ ತಂದು ನನ್ನ ಚೀಲದಾಗ ತುರುಕಿದ್ಳು:
ನೀನೇ ನೆಕ್ಕು ಹೋಗು.

ಚಾಂದಪಾಶಾ ಮುಖದ ಅರಿವಿ ಇಳಿಸಿ ನಿಂತಿದ್ದ,
ಕೈ ಸ್ವಿಚ್ಚಿನ ಮ್ಯಾಲ.
ಎಷ್ಟು ಬಂತು ಅಕ್ಕಾ?
ಐವತ್ನಾಕು.
ಜಾಸ್ತಿಯೋ ಕಮ್ಮಿಯೋ?
ಬರೋಬರಿ, ಅಂದೆ.

ಒತ್ತಿದ.