ಬಿರಡೆ

ಮೊದಲು ಚಾಪೆ ತೆಗೆಯಬೇಕು.
ಅಂಗಡಿಯ ಚಾಪೆಯಲ್ಲ, ಶೇಟೆಯ ಜೀಪಿನದು:
ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಕನ್ವೇಯರ್ ಪಟ್ಟಿ,
ಹೆಬ್ಬೆರಳು ದಪ್ಪ,
ಹಳೇ ಪತ್ರಿಕೆಯ ಮೇಲೆ ಅಳತೆ ಗೀಚಿ
ಕತ್ತರಿ ಸೋತು, ಕೊನೆಗೆ ಉಳಿಯಲ್ಲಿ ಕೊರೆದದ್ದು.
ಗೇರ್ ಕೋಲಿನ ಜಾಗ ಮಾತ್ರ ಸೊಟ್ಟ.
ಎತ್ತಿದರೆ ಸತ್ತ ಕರುವಿನ ಭಾರ.

ಆಮೇಲೆ ಬಗ್ಗಿ, ಬೆರಳಿಗೆ ಚಿಂದಿ ಸುತ್ತಿ,
ತಳದ ನಾಲ್ಕು ರಬ್ಬರು ಬಿರಡೆ, ಒಂದೊಂದಾಗಿ.
ಮೂರು ಸಲೀಸು.
ನಾಲ್ಕನೆಯದು ಡ್ರೈವರನ ಹಿಮ್ಮಡಿಯ ಕೆಳಗಿನದು, ಮೊಂಡು,
ಬೈದರೆ ಮಾತ್ರ ಬರುತ್ತದೆ.

ತೂತು ಒಲೆ ಕೆಡಿಸಿತು ಎಂದವರು
ಜೀಪಿನ ಅಡಿಯಲ್ಲಿ ಮಲಗಿ ನೋಡಿದವರಲ್ಲ.
ಹೊಳೆಗಿಳಿಯುವಾಗ ಮುಚ್ಚಿರಬೇಕು,
ದಡ ಹತ್ತಿದ ಮೇಲೆ ತೆರೆದಿರಬೇಕು,
ಅಷ್ಟೇ ವಿದ್ಯೆ.
ಅಷ್ಟನ್ನೂ ಮರೆಯುತ್ತಾರೆ.
ಮರೆತವರ ದುಡ್ಡಿನಲ್ಲೇ ನನ್ನ ಒಲೆ ಉರಿಯುವುದು.

ಅಳ್ವಾನಿಯ ಈ ಮೂಲೆಯಲ್ಲಿ ನನಗೊಂದು ಪೈಪು, ಒಂದು ಪಂಪು,
ಕಾಂಕ್ರೀಟಿನಲ್ಲಿ ತೋಡಿದ ಗಟಾರ.
ಜೂನ್‌ನಲ್ಲಿ ಅಬಾನೊ ಕಣಿವೆಯ ಹಿಮ ಕಡಿದು ದಾರಿ ಬಿಟ್ಟರೆ
ಅಕ್ಟೋಬರ್‌ವರೆಗೆ ಬೆಟ್ಟ ನನ್ನ ಬಳಿಗೇ ಇಳಿದು ಬರುತ್ತದೆ
ಜೀಪುಗಳ ಪಾದದಲ್ಲಿ.
ನಾನು ಮೇಲೆ ಹೋಗದೆ ಹನ್ನೊಂದು ವರ್ಷ.
ಆದರೂ ಕೇಳಿ, ಹೇಳುತ್ತೇನೆ:
ಕಪ್ಪು ನೀರು ಬಂದರೆ ಎಲ್ಲೋ ಸ್ಲೇಟುಕಲ್ಲು ಕುಸಿದಿದೆ.
ಹಸಿರಾದರೆ ಕುರಿ, ತಿರುವಿನಲ್ಲಿ ಹೆದರಿದ ಕುರಿ.
ಹಾಲಿನ ಬಣ್ಣವೋ, ಚರ್ಮದ ಚೀಲದ ಚೀಸು ಸೋರಿದೆ;
ನೀರು ಚಾಪೆ ಕೆಳಗೆ ನುಸುಳಿದರೆ
ಉಪ್ಪು ರಂಗೋಲಿ ಕೆಳಗೆ ನುಸುಳುತ್ತದೆ.
ಕಾರ್ಖಾನೆ ಕೊಟ್ಟದ್ದು ನಾಲ್ಕೇ ತೂತು,
ಐದನೆಯದೂ ಆರನೆಯದೂ ಚೀಸಿನ ಕೊಡುಗೆ.
ಕೆಂಪಾದರೆ ಕೇಳುವುದಿಲ್ಲ, ಮೂಸುತ್ತೇನೆ.
ಸಾಮಾನ್ಯವಾಗಿ ದ್ರಾಕ್ಷಾರಸ.

ಒಮ್ಮೆ ಮಿಂದಿಯಾ ಬಂದ, ರಾತ್ರಿ, ದೀಪ ಆರಿಸಿಕೊಂಡು.
ಯಾರೋ ಪ್ರವಾಸಿ ಪೊಟ್ಟಣದಲ್ಲಿ ಹಂದಿಮಾಂಸ ತಂದಿದ್ದನಂತೆ.
ನಮ್ಮ ಬೆಟ್ಟಕ್ಕೆ ಅದು ಆಗದು.
ಮೂರು ಸಲ ತೊಳೆ ಅಂದ.
ನಾಲ್ಕು ಸಲದ ದುಡ್ಡು ಕೇಳಿದೆ.
ಕೊಟ್ಟ.

ಈ ಆಗಸ್ಟಿನಲ್ಲಿ ಶೇಟೆ
ಮಾತಿಲ್ಲದೆ ಕೀಲಿ ಕೊಟ್ಟು ನೆರಳಿಗೆ ಹೋಗಿ ಕೂತ.
ಚಾಪೆ ಎತ್ತಿದೆ.
ಅಡಿಯಲ್ಲಿ ಬಾರ್ಲಿ ಮೊಳೆತಿತ್ತು.
ಎರಡು ವಾರದ ಹಿಂದೆ ಮೇಲೊಯ್ದ ಮೂಟೆಯಿಂದ ಉದುರಿದ ಕಾಳು,
ಯಾವುದೋ ಹೊಳೆಯ ನೀರು, ಎಂಜಿನ್ನಿನ ಕಾವು.
ಬಿಸಿಲೇ ಕಾಣದ ಮೊಳಕೆ, ಹುಳುವಿನಂತೆ ಬಿಳಿ,
ತಗಡಿನ ಗೆರೆಗಳೊಳಗೆ ಸಾಲು ಹಿಡಿದು ಮಲಗಿತ್ತು.
ನಡುವೆ ಅಂಟಂಟು ಕಂದು ಮಡ್ಡಿ:
ಗುಡಿಯ ಹಬ್ಬದ ಬಿಯರು,
ಹಿಂದಿನ ಸೀಟಿನ ಕೊಡದಿಂದ ತುಳುಕಿದ್ದು.

ಆ ಕಲ್ಲಿನ ಗುಡಿಯ ಹತ್ತಿರ ಹೆಂಗಸರು ಸುಳಿಯುವಂತಿಲ್ಲ.
ಚಿಕ್ಕವಳಿದ್ದಾಗ ಇಳಿಜಾರಿನಲ್ಲಿ ದೂರ ನಿಂತು ನೋಡಿದ್ದೆ
ಗಂಡಸರು ಹಂಡೆ ಕಲಕುವುದನ್ನು.
ಹೊಗೆ ನಮ್ಮವರೆಗೂ ಬರುತ್ತಿತ್ತು.
ಹೊಗೆಗೆ ಯಾರೂ ಹೇಳಿರಲಿಲ್ಲ.

ಶೇಟೆ ಎದ್ದು ಬಂದು ಇಣುಕಿದ.
"ಪಿಕ್ರಿಯಾ, ಇದನ್ನು ನಾನೇ ತೊಳೆಯಬೇಕಿತ್ತು."
"ತೊಳಿ" ಅಂದು ಪೈಪು ಚಾಚಿದೆ.
ಅವನ ಸೊಂಟ ಬಗ್ಗುವುದಿಲ್ಲ,
ನಾಲ್ಕನೆಯ ಬಿರಡೆ ಅವನ ಮಾತು ಕೇಳುವುದಿಲ್ಲ.
ಸ್ವಲ್ಪ ಹೊತ್ತು ನಿಂತ.
ಸಿಗರೇಟು ಹುಡುಕುವವನಂತೆ ಜೇಬು ತಡಕುತ್ತ
ಮತ್ತೆ ನೆರಳಿಗೆ ಹೋದ.

ನಾನು ಬೈದೆ. ಬಿರಡೆ ಬಂತು.
ಗುಟುಕರಿಸಿದ ಸದ್ದು ಮಾಡಿ ಜೀಪು
ದೇವರ ಪಾಲನ್ನು ನನ್ನ ಬೂಟಿನ ಮೇಲೆ ಸುರಿಯಿತು.
ಹುಳಿ ವಾಸನೆ, ಹಿಂದೆಯೇ ಒಂದು ಕಹಿ.
ಎಡ ಬೂಟಿಗೆ ನನ್ನದೇ ಒಂದು ತೂತಿದೆ;
ಬೆರಳ ಸಂದಿಗೆ ಇಳಿಯಿತು, ತಣ್ಣಗೆ.
ಕಾಲು ತೆಗೆಯಲಿಲ್ಲ.

ಮೊಳಕೆ ಗಟಾರಕ್ಕೆ ಹೋಗಲು ಬಿಡದೆ ಕೆರೆದು ಕೋಳಿಗೆ ಹಾಕಿದೆ.
ಎರಡು ನಿಮಿಷದಲ್ಲಿ ಮುಗಿಸಿದವು.
ಚಾಪೆ ಬೇಲಿಯ ಮೇಲೆ ಒಣಗಿತು.

ದುಡ್ಡು ಎಣಿಸುತ್ತ ಕೇಳಿದ, "ಬಿರಡೆ ಹಾಕಿದೆ ತಾನೆ?"
ಹಾಕಿದೆ ಅಂದೆ.
ಧೂಳು ಅಡಗಿದ ಮೇಲೆ ಕೈ ಒರೆಸಲು ಹೋದರೆ
ಏಪ್ರನ್ನಿನ ಜೇಬಿನಲ್ಲಿ ನಾಲ್ಕನೆಯದು,
ಇನ್ನೂ ಬೆಚ್ಚಗೆ.

ಬರುತ್ತಾನೆ,
ಹೊಳೆ ದಾಟಿದ ಮೇಲೆ.