ಇವತ್ತಿನ ಭಾವ

ದುಧನಿ ಟೇಶನ್ನಿನ ಎದುರಿಗೆ, ಝೆರಾಕ್ಸ್ ಮಶೀನಿನ ಬಗಲಿಗೆ
ಒಂದು ಸ್ಟೂಲು, ಒಂದು ಮೊಬೈಲು, ನಾನು.
ಅಂಗಡಿ ಬೋರ್ಡು ಮರಾಠಿ, ಬೈಗುಳ ಕನ್ನಡ.
ಖಿಡಕಿಯವ ಊಟಕ್ಕ ಎದ್ದರ
ಮಂದಿ ಎಲ್ಲಾ ನನ್ನ ಕಡಿ ಹೊರಳತಾರ:
ಮೌಲಾಸಾಬ, ಅಗ್ಗಾದ್ದು ಹುಡುಕಪಾ.

ಒಂದೇ ಗಾಡಿ. ಒಂದೇ ರೆಕ್ಸಿನ್ನಿನ ಹಲಗಿ.
ಎರಡು ತಿಂಗಳ ಹಿಂದ ತಗೊಂಡಾಂವಗ ಒಂದು ದರ,
ನಿನ್ನೆ ಹನ್ನೊಂದಕ್ಕ ಬೆರಳು ಓಡಿಸಿದಾಂವಗ ಇನ್ನೊಂದು,
ಕಡೀಗೆ ಉಳಿದ ನಾಕು ಹಲಗಿಗೆ
ನೋಡ್ತಾ ನೋಡ್ತಾ ಏರೂ ದರ.
ರಾತ್ರಿ ಮೂವರೂ ಒಂದೇ ಸಾಲಿಗೆ ಮಲಗಿ
ಒಂದೇ ನಮೂನಿ ಗೊರಕಿ ಹೊಡೀತಾರ.

ಇದನ್ನ ತಂಗೆವ್ವಗ ತಿಳಿಸಿ ಹೇಳಬೇಕಂತ
ಕಾಗದ ಪೆನ್ನು ತಗೊಂಡಿದ್ದೆ.
ಆಕಿ ಅಡತಿ ಅಂಗಡಿ ಮುಂದ
ಚೀಲದಿಂದ ಉದುರಿದ ತೊಗರಿ ಬಳದು,
ಕೇರಿ, ಕಲ್ಲು ಆರಿಸಿ, ಸೇರಿನ ಲೆಕ್ಕ ಮಾರೋ ಮುದುಕಿ.
"ಮಾಲು ಕಡಿಮಿ ಆದಂಗ ಭಾವ ಏರತದ," ಅಂದಳು,
"ಸವಾಲಿನಾಗ ದಿನಾ ನೋಡ್ತೀನಿ. ಇದ್ರಾಗ ತಿಳಿಸೋದೇನದ?
ಖರೆ, ತೊಗರಿ ಒಮ್ಮೆರೆ ಇಳೀತದ.
ನಿನ್ನ ಗಾಡಿ ಇಳೀತದೇನು?"

ಪೆನ್ನಿಗೆ ಟೊಪ್ಪಿಗಿ ಹಾಕಿದೆ.

ಆಧಾರ ಕಾರ್ಡು ತಂದಿದ್ದಳು, ಪ್ಲಾಸ್ಟಿಕ್ಕಿನಾಗ ಸುತ್ತಿ,
ಅರವತ್ತೆಂಟು ತುಂಬಿದ್ದು ಕಾಣೋಹಂಗ.
ಅವ್ವಾ, ವಯಸ್ಸಿನ ಸೂಟು ತಗದಾರ, ಈಗ ಇಲ್ಲ.
"ಹಂಗಾರ ಸುಮ್ನೆ ಮುದುಕಿ ಆದೆ."
ನಕ್ಕಳು. "ಕೆಳಗಿನ ಹಲಗಿಯರೆ ಕೊಡತದೇನ ನೋಡು."

ಅರವತ್ತು ದಿನ ಮೊದಲ ಬಂದ್ರ ಕೈಗೆ ಹತ್ತತದ ಸಾದಾ ದರ.
ನಮ್ಮೂರಾಗ ಯಾರಿಗೆ ಗೊತ್ತಿರತದ ಅರವತ್ತು ದಿನ ಮೊದಲ?
ಸಾವು ತಾರೀಖು ಹೇಳಿ ಬರಂಗಿಲ್ಲ.
ಜ್ವರ, ಕೋರ್ಟಿನ ನೋಟೀಸು, ಅಳಿಯ ಸಿಟ್ಟಿಗೆದ್ದದ್ದು,
ಎಲ್ಲಾ ಹಿಂದಿನ ರಾತ್ರಿ ಗೊತ್ತಾಗೋ ಮಾತು,
ಎಲ್ಲಾ ತತ್ಕಾಲ.

ತಂಗೆವ್ವ ಬೆರಳು ಮಡಚಿದಳು.
"ಹಡಿಯೋದು ಮೊದಲೇ ಗೊತ್ತಿರತದ.
ಶೀಲವಂತಿಗೆ ಎರಡನೇದು, ಪುಣೆದಾಗ, ಹಡಪ್ಸರದ ದವಾಖಾನಿ.
ಡಾಕ್ಟರಬಾಯಿ ಇಪ್ಪತ್ತೆರಡು ಅಂದಾಳ.
ಇಪ್ಪತ್ತಕ್ಕ ತಗಿ."
ಇನ್ನೂರ ಮೂವತ್ತೈದು, ಮ್ಯಾಲ ಹನ್ನೆರಡು ಆನ್‌ಲೈನಿನ ಖರ್ಚು.
ಎಣಿಸಿ ಕೊಟ್ಟಳು. ರೊಕ್ಕಕ್ಕ ತೊಗರಿ ಧೂಳಿನ ವಾಸನಿ.
ಎಸ್ ನಾಕು, ನಾಲ್ವತ್ತೊಂದು, ಕೆಳಗಿನ ಹಲಗಿ.
ಇಷ್ಟು ಛಲೋ ಟಿಕೀಟು ಆ ವರ್ಷ ಯಾರಿಗೂ ತಗದಿದ್ದಿಲ್ಲ.
ಖುಷಿಗೆ ಲ್ಯಾಮಿನೇಶನ್ ಮಾಡಿ ಕೊಟ್ಟೆ.

ಒಂಬತ್ತನೇ ತಾರೀಖು, ಸಂಜೀಕ, ಷಟರ ಅರ್ಧ ಇಳಿಸಿದ್ದೆ.
ಕೂಸಿಗೆ ತಡಕೊಳ್ಳಾಕ ಆಗಿಲ್ಲ.
ಕೈಯಾಗ ಲ್ಯಾಮಿನೇಶನ್, ಬಗಲಾಗ ಗಂಟು.
"ಇದನ್ನ ಇವತ್ತಿಗೆ ಮಾಡಿಕೊಡು."
ಆಗಂಗಿಲ್ಲವ್ವ.
"ಅದೇ ಗಾಡಿ. ಅದೇ ನಾನು."
ಆಗಂಗಿಲ್ಲ.
ಮೊಬೈಲು ಆಕಿ ಕಡಿ ಹೊರಳಿಸಿ ಇವತ್ತಿನ ಭಾವ ತೋರಿಸಿದೆ.
ಓದಾಕ ಬರಂಗಿಲ್ಲ ಆಕಿಗೆ, ಅಂಕಿ ಬರತಾವ.
ಗಂಟು ತಲಿಮ್ಯಾಲ ಏರಿಸಿ
ಖಿಡಕಿಗೆ ಹೋಗಿ ಜನರಲ್ ತಗೊಂಡಳು.
ಡಬ್ಬಿ ಬಾಗಲಾಗ ಆಕಿ ಮೊಣಕೈ ಅಷ್ಟೇ ಕಂಡದ್ದು ನನಗ,
ಆಮ್ಯಾಲ ಅದೂ ಒಳಗ ಹೋತು.

ರದ್ದು ಮಾಡಿದೆ. ನೂರಾ ಇಪ್ಪತ್ತು ಕಡಕೊಂಡು
ನೂರಾ ಹದಿನೈದು ನನ್ನ ಖಾತೇಕ್ಕ ಬಂದು ಕುಂತವು,
ಮಂದಿ ಮನಿ ಕೋಳಿ ನನ್ನ ಅಂಗಳದಾಗ ಮಲಗಿದಂಗ.

ಇಪ್ಪತ್ತರ ರಾತ್ರಿ ಆ ಗಾಡಿ ಹೋಗೋದು ನೋಡಿದೆ.
ನಾಲ್ವತ್ತೊಂದರ ಮ್ಯಾಲ ಯಾರೋ ಮಲಗಿರಬೇಕು,
ಎಷ್ಟು ಕೊಟ್ಟಿದ್ದನೋ.

ಒಂದೂವರೆ ತಿಂಗಳಿಗೆ ಬಂದಳು, ಕಾಲು ಬಾತಿದ್ದವು.
ಗಂಡೋ ಹೆಣ್ಣೋ ನಾ ಕೇಳೋ ಮೊದಲ
"ಪರತ ಎಷ್ಟು ಬಂತು?"
ಎಣಿಸಿ ಕೊಟ್ಟೆ.
"ಉಳಿದದ್ದು ಯಾಕ ಕಡದ್ರು?"
ಮೊದಲೇ ಹೇಳಿದ್ದಕ್ಕ, ಅಂತ ಬಾಯಿತನಕ ಬಂತು. ನುಂಗಿದೆ.

ಅದ್ರಾಗಿನ ಹತ್ತರ ನೋಟು ಸ್ಟೂಲಿನ ಮ್ಯಾಲ ಇಟ್ಟಳು.
"ನಿನ್ನ ಪ್ಲಾಸ್ಟಿಕ್ಕಿಂದು. ಅದು ಕೆಲಸಕ್ಕ ಬಂತು.
ದೊಡ್ಡ ಹುಡುಗಿ ಅದನ್ನ ಹಿಡಕೊಂಡು ದಿನಾ ಗಾಡಿ ಆಟ ಆಡ್ತಾಳ,
ಚಾಪಿ ಮ್ಯಾಲ ನಮ್ಮನ್ನೆಲ್ಲ ಕುಂದರಿಸಿ ಟಿಕೀಟು ಕೇಳ್ತಾಳ.
ಎಷ್ಟವಾ ಅಂದ್ರ
ದಿನಕ್ಕೊಂದು ಹೇಳ್ತಾಳ."