ಎಂಟನೇ ವಾರದ ಅಂಕ

ಫಹಾಹೀಲಿನ ಕ್ಲಿನಿಕ್ಕು, ಎರಡನೇ ಮಹಡಿ.
ಗುರುವಾರ ರಾತ್ರಿ. ಜನ ಎದ್ದು ಹೋದರೂ
ಹದಿಮೂರು ಕುರ್ಚಿ ಇನ್ನೂ ದುಂಡಗೇ ಕೂತಿವೆ,
ಮುಂದಿನ ಮಾತಿಗೆ ಕಾದ ಹಾಗೆ.
ನನ್ನ ಪಾಲಿಗೆ ಎರಡು ಕಟ್ಟು ಫಾರಮ್ಮು:
ಮೊದಲ ವಾರದ್ದು ಹನ್ನೊಂದು,
ಎಂಟನೇ ವಾರದ್ದು ಒಂಬತ್ತು.
ಕಳೆ, ಕೂಡು, ಭಾಗಿಸು.
ಭಾನುವಾರ ಬೆಳಿಗ್ಗೆ ಡಾಕ್ಟರಿಗೆ ಒಂದೇ ಒಂದು ಸಂಖ್ಯೆ ಬೇಕು:
ಕೋರ್ಸು ಫಲ ಕೊಟ್ಟಿತೋ, ಇಲ್ಲವೋ.

ಏಳು ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳು ನಾನೇ.
"ಆತಂಕ" ಎಂದು ಬರೆದಿದ್ದೆ, ಚೆಂದದ ಅಕ್ಷರದಲ್ಲಿ.
ಉಮರಬ್ಬ ಕನ್ನಡಕ ಹಣೆಗೇರಿಸಿ,
"ಇದು ಪೇಪರಿನ ಮಾತಲ್ಲವಾ ಸಿಸ್ಟರ್?
ನನಗಿರುವುದು ಹೊಟ್ಟೆಯೊಳಗೆ
ಏಡಿ ನಡೆದ ಹಾಗೆ" ಎಂದರು.
ಏಡಿಗೆ ಕಾಲಂ ಇರಲಿಲ್ಲ.

ಬ್ಯೂಟಿ ಪಾರ್ಲರಿನ ವನಜಾಕ್ಷಿ
ಮೊದಲ ವಾರ ಎಲ್ಲಕ್ಕೂ ಸೊನ್ನೆ.
ನಿದ್ದೆ ಚೆನ್ನ, ಎದೆ ಚೆನ್ನ, ಕೈ ನಡುಗುವುದಿಲ್ಲ
(ಎಂದು ಬರೆದ ಕೈಯ ಅಕ್ಷರ ಸೊಟ್ಟಗಿತ್ತು).
ಫಾರಮ್ಮು ಮಾಲಕಿಯ ಕೈ ಸೇರಿದರೆ ಅಕಾಮಾ ಏನಾದೀತು?
ಎಂಟನೇ ವಾರ ಅವಳ ಮೊತ್ತ ಹದಿನಾಲ್ಕು.
ಲೆಕ್ಕದ ಪ್ರಕಾರ ನಾವು ಅವಳನ್ನು ಕೆಡಿಸಿದೆವು.
ಲೆಕ್ಕಕ್ಕೆ ಗೊತ್ತಿಲ್ಲ,
ಆ ಹದಿನಾಲ್ಕನ್ನು ಬರೆಯಲು ಅವಳಿಗೆ
ಎಂಟು ವಾರ ಹಿಡಿಯಿತು.

ಕ್ರೇನಿನ ಪೀಯುಸ್: ಹತ್ತೊಂಬತ್ತರಿಂದ ಆರಕ್ಕೆ!
ಡಾಕ್ಟರು ಇದನ್ನೇ ಗೋಡೆಗೆ ಹಚ್ಚಿಯಾರು.
ಆದರೆ ಆರನೇ ವಾರದ ಮಂಗಳವಾರ
ಅವನ ನಾಲ್ಕು ತಿಂಗಳ ಬಾಕಿ ಸಂಬಳ ಬಂತು.
ಇಳಿಸಿದ್ದು ಉಸಿರೋ, ದಿನಾರೋ?
ಕೇಳುವ ಪ್ರಶ್ನೆಯನ್ನು ನಾನು ಬರೆದಿಲ್ಲ.

ಬಾರದ ಇಬ್ಬರು ಎರಡು ಖಾಲಿ ಚೌಕ.
ಒಬ್ಬರನ್ನು ಕಂಪನಿ ಊರಿಗೆ ಕಳಿಸಿತು, ಅದು ಗೊತ್ತು.
ಇನ್ನೊಬ್ಬಳು ವಾಸಿಯಾಗಿ ಬಿಟ್ಟಳೋ, ಬೇಸತ್ತೋ,
ಫೋನು ಎತ್ತುವುದಿಲ್ಲ.
ಖಾಲಿಯನ್ನು ಯಾವುದರಿಂದ ಭಾಗಿಸುವುದು?

ಕಿಟಕಿಯಾಚೆ ಧೂಳು. ದೂರದಲ್ಲಿ ರಿಫೈನರಿಯ ಬೆಂಕಿ
ಆರಿದ್ದನ್ನು ಹದಿನಾರು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.
ಕೆಳಗೆ ಪಾರ್ಕಿಂಗಿನಲ್ಲಿ, ಅರೆ, ಇವರಿನ್ನೂ ಹೋಗಿಲ್ಲ!
ಪೀಯುಸನ ಕಾರಿನ ಬಾನೆಟ್ಟಿನ ಮೇಲೆ ಕರಕ್ ಚಹಾ,
ವನಜಾಕ್ಷಿ ಸೆರಗಿನಲ್ಲಿ ಮೂಗು ಮುಚ್ಚಿ ನಗುತ್ತಿದ್ದಾಳೆ.
ಯಾರೋ ಹೊಸಬ, ಕಾವಲುಗಾರನಿರಬೇಕು,
ಎದೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾನೆ,
ಅವನ ಬೆನ್ನ ಮೇಲೆ ಉಮರಬ್ಬರ ಅಂಗೈ.
"ಒಂಜಿ... ರಡ್ಡ್... ಮೂಜಿ... ನಾಲ್..."
ನಾವು ಹೇಳಿಕೊಟ್ಟದ್ದು ಆರರವರೆಗೆ.
ಅವರು ನಾಲ್ಕಕ್ಕೇ ನಿಲ್ಲಿಸಿ, ಚಹಾ ಕೊಟ್ಟು,
ಮತ್ತೆ ಮೊದಲಿಂದ ಎಣಿಸುತ್ತಾರೆ.

ಮೇಜಿಗೆ ಮರಳಿ ಸರಾಸರಿ ಬರೆದೆ.
ಸಣ್ಣ ಸಂಖ್ಯೆ; ದಶಮಾಂಶವಿದ್ದದ್ದಕ್ಕೆ ಅಷ್ಟಾದರೂ ಕಂಡಿತು.
ಕೊನೆಯ ಸಾಲು, "ಇತರೆ", ಯಾವಾಗಲೂ ಬಿಡುವ ಸಾಲು:
ಏಡಿ ಇದೆ.
ನಡೆಯುವಾಗ ಈಗ ಸದ್ದು ಮಾಡುತ್ತದಂತೆ,
ಬರುವುದು ಮೊದಲೇ ತಿಳಿಯುತ್ತದಂತೆ.

ಕುರ್ಚಿಗಳನ್ನು ಪೇರಿಸಲು ಎದ್ದೆ.
ಹನ್ನೆರಡು ಪೇರಿಸಿ, ಒಂದರಲ್ಲಿ ಕೂತೆ.
ಒಂಜಿ. ರಡ್ಡ್.